ಕೊಡಗಿನಲ್ಲಿ ಶೂಟಿಂಗ್: ಬಿಸಿಲು, ಬಟ್ಟೆ, ಕನ್ನಡಿ, ಲೈಟು – ಎಲ್ಲಿಗೆ ಯಾವುದು?

ಕಿರುಚಿತ್ರ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಎಷ್ಟು ಲೈಟ್ ಬಾಡಿಗೆಗೆ ತರ್ಬೇಕು?" ನಾನು ತಿರುಗಿ ಕೇಳುತ್ತೇನೆ. ಶೂಟಿಂಗ್ ಯಾವ ತಿಂಗಳು? ಎಷ್ಟು ಗಂಟೆಗೆ? ತೋಟದಲ್ಲೋ, ಮನೆಯೊಳಗೋ? ಇದಕ್ಕೆ ಉತ್ತರ ಸಿಕ್ಕಿದರೆ ಲೈಟಿನ ಲೆಕ್ಕ ಅರ್ಧ ಮುಗಿದಂತೆ. ಎಷ್ಟೋ ಸಲ ಲೈಟೇ ಬೇಕಾಗುವುದಿಲ್ಲ.

ನನಗೆ ಇದು ಗೊತ್ತಾದದ್ದು ಒಂದು ಜುಲೈ ತಿಂಗಳಲ್ಲಿ. ವಿರಾಜಪೇಟೆ ಕಡೆಯ ಒಂದು ತೋಟದ ಮನೆ. ಮೈಸೂರಿನಿಂದ ಎರಡು ದೊಡ್ಡ ಲೈಟು, ಒಂದು ಜನರೇಟರ್ ಗಾಡಿ ತರಿಸಿದ್ದೆವು. ಗಾಡಿ ಗೇಟು ದಾಟಿ ಇನ್ನೂರು ಅಡಿ ಬರುವಷ್ಟರಲ್ಲಿ ಕೆಸರಿನಲ್ಲಿ ಹೂತುಕೊಂಡಿತು. ಅದನ್ನು ಎಳೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಮನೆಯ ಪ್ಲಗ್ಗಿಗೆ ಒಂದು ಲೈಟು ಸಿಕ್ಕಿಸಿದೆವು, ಫ್ಯೂಸ್ ಹೋಯಿತು. ಆ ದಿನದ ಕೆಲಸದಲ್ಲಿ ಕೊನೆಗೆ ಸಿನಿಮಾದಲ್ಲಿ ಉಳಿದದ್ದು ಒಂದೇ ಶಾಟ್. ಆ ಮನೆಯ ಅಜ್ಜಿ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅವರ ಎಡಗಡೆಯಿಂದ ಮಳೆಯ ಬಿಳಿ ಬೆಳಕು. ಬಲಗಡೆ ತೆರೆದ ಬಾಗಿಲು, ಒಳಗೆ ಕತ್ತಲು. ಕೆನ್ನೆಯ ಒಂದೊಂದು ಸುಕ್ಕೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆ ಕತ್ತಲಿನ ಮುಂದೆ ಲೋಟದ ಹಬೆ ಎದ್ದು ತೋರುತ್ತಿತ್ತು. ಅದಕ್ಕೆ ನಾವು ಒಂದು ಬಲ್ಬನ್ನೂ ಹಚ್ಚಿರಲಿಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಇರುವ ಬೆಳಕನ್ನು ನೋಡುವುದು. ಆಮೇಲೆ ಅದನ್ನು ಬಟ್ಟೆ, ಥರ್ಮಾಕೋಲ್, ಕನ್ನಡಿಯಿಂದ ತಡೆಯುವುದು ಇಲ್ಲವೇ ತಿರುಗಿಸುವುದು. ಸಾಲದಿದ್ದರೆ ಬ್ಯಾಟರಿಯ ಎಲ್‌ಇಡಿ. ಕಟ್ಟಕಡೆಗೆ ಜನರೇಟರ್, ದೊಡ್ಡ ಲೈಟು. ಬೇರೆ ಊರಿನಲ್ಲಿ ಈ ಕ್ರಮ ತಲೆಕೆಳಗಾಗಬಹುದು. ಕೊಡಗಿನಲ್ಲಿ ನನಗೆ ಇದೇ ಸರಿ ಬಂದಿದೆ. ಯಾಕೆ ಅಂತ ಜಾಗ ಜಾಗಕ್ಕೆ ಹೇಳುತ್ತೇನೆ.

ಕ್ಯಾಲೆಂಡರ್ ಮೊದಲು, ಕ್ಯಾಮೆರಾ ಆಮೇಲೆ

ನಮ್ಮಲ್ಲಿ ಸೂರ್ಯ ಮೇಲೆ ಬರುವುದು ಹನ್ನೆರಡಕ್ಕಲ್ಲ. ಭಾರತದ ಗಡಿಯಾರವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದಾರೆ. ಮಡಿಕೇರಿ ಇರುವುದು 75.7ರ ಹತ್ತಿರ. ಹಾಗಾಗಿ ಇಲ್ಲಿ ನಡುಮಧ್ಯಾಹ್ನ ಅಂದರೆ ಸುಮಾರು ಹನ್ನೆರಡೂವರೆ. ಫೆಬ್ರವರಿಯಲ್ಲಿ ಇನ್ನೂ ಹತ್ತು ನಿಮಿಷ ತಡ, ನವೆಂಬರ್ ಶುರುವಿನಲ್ಲಿ ಕಾಲು ಗಂಟೆ ಬೇಗ. "ಹನ್ನೆರಡಕ್ಕೆ ಬಿಸಿಲು ನೆತ್ತಿಗೇರತ್ತೆ, ಒಂದು ಗಂಟೆ ಮೇಲೆ ಇಳಿಯತ್ತೆ" ಅಂತ ಲೆಕ್ಕ ಹಾಕಿ ಊಟದ ಬಿಡುವು ಇಟ್ಟರೆ ಕೆಟ್ಟ ಬೆಳಕಿಗೇ ವಾಪಸ್ ಬರುತ್ತೀರಿ. ಬಿಡುವನ್ನು ಹನ್ನೆರಡರಿಂದ ಒಂದೂವರೆಗೆ ಇಡಿ.

ಏಪ್ರಿಲ್ ಕೊನೆಯ ಹತ್ತು ದಿನಗಳಲ್ಲಿ ನಡುಮಧ್ಯಾಹ್ನ ಸೂರ್ಯ ನೆಟ್ಟಗೆ ತಲೆಯ ಮೇಲೆ ಇರುತ್ತಾನೆ. ಹುಬ್ಬಿನ ನೆರಳು ಕಣ್ಣನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆ ಹೊತ್ತಿನಲ್ಲಿ ಹೊರಗೆ ಮುಖದ ಶಾಟ್ ತೆಗೆಯಬೇಡಿ. ಡಿಸೆಂಬರಿನಲ್ಲಿ ಹಾಗಲ್ಲ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನಡುಮಧ್ಯಾಹ್ನವೂ 56 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ದಿನವಿಡೀ ಓರೆ ಬೆಳಕು. ಬೆಳಿಗ್ಗೆ ಆರೂ ಮುಕ್ಕಾಲಿನ ಹೊತ್ತಿಗೆ ಹುಟ್ಟಿ ಸಂಜೆ ಆರು ದಾಟುತ್ತಲೇ ಮುಳುಗುತ್ತಾನೆ. ಇದು ಪಂಚಾಂಗದ ಲೆಕ್ಕ. ನಿಮ್ಮ ಜಾಗ ಗುಡ್ಡದ ಬುಡದಲ್ಲಿದ್ದರೆ ಬಿಸಿಲು ಎಂಟಕ್ಕೆ ಬಂದು ನಾಲ್ಕೂವರೆಗೇ ಹೋಗಬಹುದು. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನಿಂತು ನೋಡುವುದೊಂದೇ ದಾರಿ.

ಮಳೆಗಾಲದಲ್ಲಿ ಬಿಸಿಲಿನ ಸೀನ್ ಬೇಕೇ ಬೇಕು ಅಂತಾದರೆ ಮಡಿಕೇರಿಯಲ್ಲಿ ಕಾಯುತ್ತಾ ಕೂರಬೇಡಿ. ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮೂವತ್ತು ಕಿಲೋಮೀಟರ್ ಪೂರ್ವಕ್ಕೆ ಇಳಿದರೆ ಕುಶಾಲನಗರ. ಅಲ್ಲಿ ಅದರ ಅರ್ಧವೂ ಇಲ್ಲ. ಆನೆಕಾಡು ದಾಟುವಾಗ ಮೋಡ ಹರಿದು ಬಿಸಿಲು ಬೀಳುವುದನ್ನು ನೀವೇ ನೋಡಿರುತ್ತೀರಿ. ಒಂದು ದೊಡ್ಡ ಲೈಟಿನ ಬಾಡಿಗೆಗಿಂತ ಆ ಪೆಟ್ರೋಲ್ ಖರ್ಚು ಕಡಿಮೆ.

ಕಾಫಿ ತೋಟದೊಳಗೆ

ಹೊರಗಿನಿಂದ ಬಂದವರು ತೋಟ ನೋಡಿದ ಕೂಡಲೇ ಇಲ್ಲೇ ಕ್ಯಾಮೆರಾ ಇಡೋಣ ಅನ್ನುತ್ತಾರೆ. ಕಣ್ಣಿಗೆ ಅಷ್ಟು ಚೆಂದ. ಕ್ಯಾಮೆರಾಗೆ ಮಾತ್ರ ಕೊಡಗಿನಲ್ಲಿ ಇಷ್ಟು ಕಷ್ಟದ ಜಾಗ ಇನ್ನೊಂದಿಲ್ಲ. ತೊಂದರೆ ಎರಡು: ಚುಕ್ಕಿ ಬಿಸಿಲು, ಹಸಿರು.

ಚುಕ್ಕಿ ಬಿಸಿಲು ಅಂದರೆ ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ತೂತು ತೂತಾಗಿ ಬೀಳುವ ಬಿಸಿಲು. ಹಣೆಯ ಮೇಲೆ ಒಂದು ಬಿಳಿ ಮಚ್ಚೆ, ಮೂಗಿನ ತುದಿಗೆ ಇನ್ನೊಂದು, ಉಳಿದ ಮುಖ ಕಪ್ಪು. ಮಚ್ಚೆಗೂ ನೆರಳಿಗೂ ನಾಲ್ಕು ಸ್ಟಾಪ್ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ನಾಲ್ಕು ಅಂದರೆ ಹದಿನಾರು ಪಟ್ಟು. ಗಾಳಿ ಬೀಸಿದರೆ ಮಚ್ಚೆಗಳು ಓಡಾಡಲು ಶುರು. ಎಡಿಟಿಂಗಿನಲ್ಲಿ ಎರಡು ಶಾಟ್ ಸೇರಿಸುವುದೇ ಕಷ್ಟವಾಗುತ್ತದೆ.

ಇಲ್ಲಿ ತುಂಬಾ ಜನ ಎಲ್‌ಇಡಿ ಪ್ಯಾನಲ್ ಹಿಡಿದು ನೆರಳನ್ನು ತುಂಬಲು ನೋಡುತ್ತಾರೆ. ಅದು ಆಗುವ ಕೆಲಸವಲ್ಲ. ಲೈಟಿನ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 60 ವ್ಯಾಟಿನ ಪ್ಯಾನಲ್ ಎರಡು ಮೀಟರ್ ದೂರದಲ್ಲಿ ಬಿಸಿಲಿನ ಮುಂದೆ ಕಾಣುವುದೇ ಇಲ್ಲ. ಹಗಲು ಹೊತ್ತು ತೋಟದೊಳಗೆ ಒಂದು ಥರ್ಮಾಕೋಲ್ ಹಲಗೆ ಆ ಪ್ಯಾನಲ್ಲನ್ನು ಸೋಲಿಸುತ್ತದೆ. ಪಕ್ಕದಲ್ಲೇ ಬಿದ್ದಿರುವ ಬಿಸಿಲಿನ ತೇಪೆಯಲ್ಲಿ ಹಲಗೆ ಹಿಡಿದು ಮುಖದ ಕಡೆ ತಿರುಗಿಸಿ ನೋಡಿ, ಗೊತ್ತಾಗುತ್ತದೆ. ಬೆಳ್ಳಿ ಬಣ್ಣದ ರಿಫ್ಲೆಕ್ಟರ್ ಇನ್ನೂ ಜಾಸ್ತಿ ಬೆಳಕು ಕೊಡುತ್ತದೆ ನಿಜ. ಆದರೆ ಹತ್ತಿರ ಹಿಡಿದರೆ ಕಣ್ಣು ಕುಕ್ಕುತ್ತದೆ, ನಟರು ಕಣ್ಣು ಕಿರಿದು ಮಾಡುತ್ತಾರೆ. ಹೊಸ ನಟರಿದ್ದರೆ ಬಿಳಿ ಹಲಗೆಯೇ ಸಾಕು.

ಎರಡನೇ ಆಯ್ಕೆ ಮೇಲೆ ಬಟ್ಟೆ ಕಟ್ಟುವುದು. ಸಿನಿಮಾದವರು ಚೌಕಟ್ಟಿಗೆ ಬಟರ್ ಪೇಪರ್ ಅಥವಾ ತೆಳು ಬಿಳಿ ಬಟ್ಟೆ ಬಿಗಿದ ಸ್ಕಿಮ್ಮರ್ ತರುತ್ತಾರೆ. ನಿಮ್ಮ ಬಳಿ ಇಲ್ಲದಿದ್ದರೆ ಒಂದು ತೆಳು ಬಿಳಿ ಪಂಚೆ, ಎರಡು ಬಿದಿರು ಸಾಕು. ನಾಲ್ಕು ಮೂಲೆ ಎಳೆದು ಕಟ್ಟಿ ನಟರ ತಲೆಯ ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ಹಿಡಿಯಿರಿ. ಮಚ್ಚೆಗಳೆಲ್ಲ ಬಟ್ಟೆಯ ಮೇಲೆ ಬಿದ್ದು ಕರಗುತ್ತವೆ, ಕೆಳಗೆ ಒಂದೇ ಹದದ ಬೆಳಕು. ಒಂದು ಎಚ್ಚರ: ಬಟ್ಟೆ ಮುಖವನ್ನಷ್ಟೇ ಸರಿಮಾಡುತ್ತದೆ. ಹಿಂದಿನ ಗಿಡಗಳ ಮೇಲೆ ಬಿಸಿಲು ಹಾಗೇ ಉರಿಯುತ್ತಿರುತ್ತದೆ. ಅದಕ್ಕೇ ಹಿನ್ನೆಲೆಗೆ ನೆರಳಿರುವ ಕಡೆಯನ್ನು ಆರಿಸಿಕೊಳ್ಳಿ. ದಟ್ಟ ರೊಬಸ್ಟಾ ಗಿಡಗಳ ಸಾಲು ಹಿಂದೆ ಇದ್ದರೆ ಒಳ್ಳೆಯದು.

ಮೂರನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಸುಮ್ನೆ ಕಾಯುವುದು. ಬಿಸಿಲು ಮರ ದಾಟಿ ಒಳಗಿಳಿಯುವ ಮೊದಲಿನ ಒಂದು ಗಂಟೆ ತೋಟ ಪೂರ್ತಿ ತಣ್ಣನೆ ಒಂದೇ ಬೆಳಕಿನಲ್ಲಿರುತ್ತದೆ. ಕಾಳುಮೆಣಸಿನ ಬಳ್ಳಿಯ ಎಲೆ ಮೇಲೆ ಇಬ್ಬನಿ ನಿಂತಿರುತ್ತದೆ. ಹಣ್ಣು ಕೊಯ್ಯುವ ಸೀನ್ ಇದ್ದರೆ ಕೆಲಸದವರು ತೋಟಕ್ಕೆ ಬರುವ ಹೊತ್ತೂ ಅದರ ಹಿಂದೆಯೇ ಇರುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಶಾಟ್ ಆಗುತ್ತದೋ ಅಷ್ಟಕ್ಕೆ ಕಥೆಯನ್ನು ಹಂಚಿಕೊಳ್ಳಿ. ಉಳಿದದ್ದನ್ನು ನಾಳೆಯ ಆ ಗಂಟೆಗೆ ಇಡಿ. ದಿನ ಒಂದು ಜಾಸ್ತಿ ಆಗುತ್ತದೆ, ಆದರೆ ಚಿತ್ರ ಬೇರೆಯೇ ಆಗಿ ಬರುತ್ತದೆ.

ಇನ್ನು ಹಸಿರಿನ ವಿಷಯ. ಸುತ್ತಲೂ ಎಲೆ ಇದ್ದಾಗ ಆ ಎಲೆಗಳಿಂದ ಪುಟಿದ ಬೆಳಕೇ ಮುಖಕ್ಕೆ ಬೀಳುತ್ತದೆ. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುತ್ತದೆ, ಕ್ಯಾಮೆರಾ ಮಾಡುವುದಿಲ್ಲ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದಾಗ ನಾಯಕಿಯ ಕತ್ತು, ಗಲ್ಲದ ಕೆಳಗೆ ಹಸಿರು. ಬಿಳಿ ಬಟ್ಟೆ ಹಾಕಿದ್ದರೆ ಇನ್ನೂ ಜೋರು. ವೈಟ್ ಬ್ಯಾಲೆನ್ಸಿನಲ್ಲಿ (ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾದಲ್ಲಿರುವ ಸೆಟ್ಟಿಂಗ್) ಟಿಂಟನ್ನು ಮಜೆಂಟಾ, ಅಂದರೆ ನೇರಳೆಗೆಂಪು ಕಡೆ ಸ್ವಲ್ಪ ತಳ್ಳಿದರೆ ಮುಖ ಸರಿಹೋಗುತ್ತದೆ, ಆದರೆ ತೋಟದ ಹಸಿರು ಸಪ್ಪೆಯಾಗುತ್ತದೆ. ಅದಕ್ಕಿಂತ ಎಲೆ ಮತ್ತು ಮುಖದ ನಡುವೆ ಕ್ಯಾಮೆರಾಗೆ ಕಾಣದ ಹಾಗೆ ಒಂದು ಕಪ್ಪು ಕಂಬಳಿ ಹಿಡಿಯಿರಿ. ಇನ್ನೊಂದು ಕಡೆ ಬಿಳಿ ಹಲಗೆ. ಹಸಿರು ಬರುವ ದಾರಿಯನ್ನೇ ಮುಚ್ಚಿದ ಹಾಗೆ. ಬಣ್ಣ ಸರಿಮಾಡುವವರು ಗಂಟೆಗಟ್ಟಲೆ ಕೂರುವುದು ತಪ್ಪುತ್ತದೆ.

ತೋಟದಲ್ಲೇ ಒಂದು ಪುಕ್ಕಟೆ ರಿಫ್ಲೆಕ್ಟರ್ ಇದೆ. ಕಾಫಿ ಒಣಗಿಸುವ ಕಣ. ಸಿಮೆಂಟಿನ ಕಣ ಖಾಲಿ ಇದ್ದಾಗ ಬಿಸಿಲು ಅಲ್ಲಿಂದ ಎದ್ದು ಕೆಳಗಿನಿಂದ ಮುಖ ತುಂಬುತ್ತದೆ. ಪಕ್ಕದ ಶೆಡ್ಡಿನ ಮಾಡಿನ ಕೆಳಗೆ ನಟರನ್ನು ನಿಲ್ಲಿಸಿ. ತಲೆಯ ಮೇಲೆ ನೆರಳು, ಎದುರಿನಿಂದ ಮೃದುವಾದ ಬೆಳಕು. ಮಧ್ಯಾಹ್ನ ಹನ್ನೊಂದಕ್ಕೆ ಏಪ್ರಿಲಿನಲ್ಲೂ ಇಲ್ಲಿ ಮುಖದ ಶಾಟ್ ತೆಗೆಯಬಹುದು. ಹಣ್ಣು ಹರಡಿದ್ದರೆ ಮಾತ್ರ ಬೆಳಕಿಗೆ ಕೆಂಪು ಛಾಯೆ ಬರುತ್ತದೆ, ಗಮನಿಸಿ.

ಐನ್‌ಮನೆಯ ಒಳಗೆ

ಐನ್‌ಮನೆ ಅಂದರೆ ಕೊಡವ ಕುಟುಂಬದ ಮೂಲ ಮನೆ. ಹಳೆಯ ಐನ್‌ಮನೆಗಳಲ್ಲಿ ಮಾಡು ತುಂಬಾ ಕೆಳಕ್ಕೆ ಇಳಿದಿರುತ್ತದೆ. ಮಳೆಗೆ ಕಟ್ಟಿದ ಮನೆ ಅಲ್ವಾ. ಕಿಟಕಿ ಚಿಕ್ಕದು, ಗೋಡೆ ದಪ್ಪ, ಮರಗೆಲಸ ಕಪ್ಪು. ಕೈಯಾಲೆಯಲ್ಲಿ (ಮುಂದಿನ ಜಗಲಿ) ಐಮರದ, ಅಂದರೆ ಕಂಬಗಳ ನಡುವಿನ ಮರದ ಹಲಗೆಯ ಮೇಲೆ ಕೂತವರ ಮುಖಕ್ಕೆ ಒಳ್ಳೆಯ ಬೆಳಕು ತಾನಾಗಿಯೇ ಬೀಳುತ್ತದೆ, ಅಲ್ಲಿ ಏನೂ ಮಾಡಬೇಕಾಗಿಲ್ಲ. ಒಳಗೆ ಹೋದರೆ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ಹಗಲಲ್ಲೂ ಕತ್ತಲು.

ಈ ಕತ್ತಲನ್ನು ಓಡಿಸಬೇಡಿ. ಅದು ಆ ಮನೆಯ ಗುಣ. ನಾಲ್ಕು ಲೈಟು ಹಚ್ಚಿ ಗೋಡೆ ಗೋಡೆಗೂ ಬೆಳಕು ಬಳಿದರೆ ಐನ್‌ಮನೆ ಹೋಗಿ ಕಲ್ಯಾಣ ಮಂಟಪ ಆಗುತ್ತದೆ. ಬೇಕಾಗಿರುವುದು ಒಂದೇ ಕಡೆಯಿಂದ ಬರುವ ಬೆಳಕು. ಅದನ್ನು ತರಲು ಮೂರು ದಾರಿ ಇದೆ.

ಒಂದು ಕನ್ನಡಿ. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಬಿಸಿಲನ್ನೇ ಸ್ಟುಡಿಯೋದೊಳಗೆ ತಂದರು. ಹೊರಗೊಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಹೊರಗಿನದು ಬಿಸಿಲನ್ನು ಒಳಗಿನದಕ್ಕೆ ಎಸೆಯಿತು, ಅದು ಕೆಳಕ್ಕೆ ಇಳಿಸಿತು. ಕತ್ತಲಲ್ಲಿ ಕಂಬದ ಹಾಗೆ ನಿಂತ ಆ ಬೆಳಕನ್ನು ಇವತ್ತಿಗೂ ಜನ ಮರೆತಿಲ್ಲ. ಯಾಕೆ ಲೈಟು ಬಳಸಲಿಲ್ಲ? ಲೈಟಿನ ಕಿರಣ ದೂರ ಹೋಗುತ್ತಾ ಅಗಲವಾಗುತ್ತದೆ. ಸೂರ್ಯ ಅಷ್ಟು ದೂರ ಇರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರವಾಗಿ ಬರುತ್ತವೆ. ಆ ಗುಣ ಕನ್ನಡಿಯಲ್ಲಿ ಉಳಿಯುತ್ತದೆ, ಬಲ್ಬಿನಲ್ಲಿ ಸಿಗುವುದಿಲ್ಲ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ರ ಸಾಲಿನದು. ನಮ್ಮ ನಾಡಿನವರು ಅನ್ನುವುದು ನನಗೆ ದೊಡ್ಡ ಹೆಮ್ಮೆ.

ಇದನ್ನು ನೀವು ಅಲ್ಮೇರಾದ ಕನ್ನಡಿಯಲ್ಲೇ ಮಾಡಬಹುದು. ಅಂಗಳದ ಬಿಸಿಲಿನಲ್ಲಿ ಕನ್ನಡಿ ಇಟ್ಟು ಕಿಟಕಿಯೊಳಗೆ ಹೊಡೆಯಿರಿ. ಒಳಗೆ ಕಟ್ಟಿಗೆ ಒಲೆ ಉರಿಯುತ್ತಿದ್ದರೆ ಹೊಗೆಯಲ್ಲಿ ಕಿರಣ ಎದ್ದು ಕಾಣುತ್ತದೆ. ಆದರೆ ಬೇಗ ಬೇಗ ಕೆಲಸ ಮಾಡಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಕನ್ನಡಿಯಿಂದ 10 ಮೀಟರ್ ದೂರದಲ್ಲಿ ಬೆಳಕಿನ ತೇಪೆ ನಿಮಿಷಕ್ಕೆ ಸುಮಾರು 4 ಸೆಂಟಿಮೀಟರ್ ಜಾರುತ್ತದೆ. ಐದು ನಿಮಿಷದ ಟೇಕ್ ಆದರೆ ಮುಖದ ಮೇಲಿದ್ದ ಬೆಳಕು ಭುಜಕ್ಕೆ ಇಳಿದಿರುತ್ತದೆ. ಕನ್ನಡಿ ಹತ್ತಿರ ಒಬ್ಬರನ್ನು ನಿಲ್ಲಿಸಿ, ಟೇಕ್ ಟೇಕಿಗೂ ಸರಿಮಾಡಿಸಿ. ಬೆಳಕನ್ನು ನೇರ ಯಾರ ಕಣ್ಣಿಗೂ ಬಿಡಬೇಡಿ. ಗೋಡೆಗೋ ಬಿಳಿ ಬಟ್ಟೆಗೋ ಹೊಡೆದು ಅಲ್ಲಿಂದ ಪುಟಿಸಿದರೆ ಇನ್ನೂ ಚೆನ್ನ.

ಎರಡನೆಯದು ಬಟ್ಟೆಯ ಆಕಾಶ. 1956ರ ಬಂಗಾಳಿ ಚಿತ್ರ ‘ಅಪರಾಜಿತೋ’ಗೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಿದ್ದರು. ಮಳೆಯ ಭಯದಿಂದ ಹೊರಗೆ ಕಟ್ಟಲಿಲ್ಲ. ಆ ಅಂಗಳಕ್ಕೆ ಮೇಲಿನಿಂದ ಆಕಾಶದ ಬೆಳಕು ಬೀಳಬೇಕಲ್ಲ? ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿದರು. ಲೈಟುಗಳನ್ನು ಕೆಳಗಿನಿಂದ ಆ ಬಟ್ಟೆಗೆ ಹೊಡೆದರು. ಬಟ್ಟೆಯಿಂದ ಪುಟಿದು ಬಂದ ಬೆಳಕು ನಿಜವಾದ ಅಂಗಳದ ಬೆಳಕಿನ ಹಾಗೇ ಇತ್ತು. ನಡುವೆ ತೊಟ್ಟಿ ಇರುವ ಐನ್‌ಮನೆಯಲ್ಲಿ ಸಂಜೆಯಾದ ಮೇಲೆ ಹಗಲಿನ ಸೀನ್ ಮುಗಿಸಬೇಕಾದಾಗ ನಾನು ಮಾಡುವುದು ಇದನ್ನೇ. ತೊಟ್ಟಿಗೆ ಅಡ್ಡಲಾಗಿ ಒಂದು ಬಿಳಿ ಬೆಡ್‌ಶೀಟ್, ಕೆಳಗಿನಿಂದ ಒಂದು 200 ವ್ಯಾಟಿನ ಎಲ್‌ಇಡಿ, 5600 ಕೆಲ್ವಿನ್ (ಹಗಲಿನ ಬೆಳಕಿನ ಬಣ್ಣ). ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ. ಆ ಲೈಟನ್ನೇ ನೇರ ಮುಖಕ್ಕೆ ಹಿಡಿದರೆ ಗೋಡೆಯ ಮೇಲೆ ಚೂಪಾದ ನೆರಳು ಬಿದ್ದು ಮೋಸ ಗೊತ್ತಾಗುತ್ತದೆ.

ಮೂರನೆಯದು ಕಿಟಕಿಯ ಹೊರಗೆ ಲೈಟು. ಇಲ್ಲಿ ಮಾತ್ರ ದೊಡ್ಡ ಲೈಟಿಗೆ ನಿಜವಾದ ಕೆಲಸ ಇದೆ. ದಿನವಿಡೀ ಒಂದೇ ಸೀನ್, ಹತ್ತು ಪುಟ ಸಂಭಾಷಣೆ, ಹೊರಗೆ ಮೋಡ ಬಂದು ಹೋಗುತ್ತಿದೆ ಅಂತಾದರೆ ಕನ್ನಡಿ ನಂಬಿ ಕೂರಲಾಗದು. 1.2 ಕಿಲೋವ್ಯಾಟಿನ ಎಚ್‌ಎಂಐ (ಹಗಲಿನ ಬಣ್ಣದ ದೊಡ್ಡ ಸಿನಿಮಾ ಲೈಟು) ಒಂದನ್ನು ಕಿಟಕಿಯಿಂದ ಹತ್ತು ಹನ್ನೆರಡು ಅಡಿ ದೂರ ಇಟ್ಟರೆ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಬಿಸಿಲು. ಅದರ ಸ್ವಭಾವ ತಿಳಿದಿರಲಿ. ಹಚ್ಚಿದ ಮೇಲೆ ಪೂರ್ತಿ ಬೆಳಕಿಗೆ ಬರಲು ಕೆಲವು ನಿಮಿಷ ಬೇಕು. ಆರಿಸಿದರೆ ಬಿಸಿ ಇಳಿಯುವವರೆಗೆ ಮತ್ತೆ ಹತ್ತದೇ ಇರಬಹುದು. ಈಗ 300 ವ್ಯಾಟ್, 600 ವ್ಯಾಟಿನ ಎಲ್‌ಇಡಿಗಳು ಈ ಕೆಲಸದ ಬಹುಪಾಲನ್ನು ಮಾಡುತ್ತವೆ. ನಾನಾದರೆ ಎಲ್‌ಇಡಿ ಕಡೆಗೇ ವಾಲುತ್ತೇನೆ. ಕಾರಣ ಬೆಳಕಿಗಿಂತ ಜಾಸ್ತಿ ಕರೆಂಟು.

ಹಳೆ ಮನೆಯ ವೈರಿಂಗ್ ಹೇಗಿದೆ ಅಂತ ಹೇಳಲಾಗದು. ಸಣ್ಣ ಪ್ಲಗ್ 6 ಆಂಪಿನದು. 230 ವೋಲ್ಟಿಗೆ ಗುಣಿಸಿದರೆ 1,380 ವ್ಯಾಟ್. ನಾನು ಸಾವಿರ ದಾಟಿಸುವುದಿಲ್ಲ. ಗ್ರೈಂಡರ್, ಗೀಸರಿನ ದೊಡ್ಡ ಪ್ಲಗ್ 16 ಆಂಪಿನದು, ಅಲ್ಲಿ ಸ್ವಲ್ಪ ಧೈರ್ಯ ಮಾಡಬಹುದು. ಜನರೇಟರ್ ತರೋಣ ಅಂದರೆ ಅದರ ಸದ್ದು ಕಣಿವೆಯಲ್ಲಿ ಬಹಳ ದೂರದವರೆಗೆ ಕೇಳುತ್ತದೆ. ಮಾತನ್ನು ಸ್ಥಳದಲ್ಲೇ ರೆಕಾರ್ಡ್ ಮಾಡುವವರಿಗೆ ಅದೊಂದೇ ಕಾರಣ ಸಾಕು, ಬೇಡ ಅನ್ನಲು.

ಮಂಜು ಮತ್ತು ಮಳೆ

ಇಲ್ಲಿ ಒಂದೇ ನಿಯಮ ನೆನಪಿಟ್ಟರೆ ಸಾಕು. ಮಂಜೂ ಮಳೆಯೂ ಕಾಣುವುದು ಬೆಳಕು ಹಿಂದಿನಿಂದ ಬಂದಾಗ. ಮುಂದಿನಿಂದ ಲೈಟು ಹೊಡೆದರೆ ಮಂಜು ಒಂದು ಬಿಳಿ ಗೋಡೆಯಾಗುತ್ತದೆ, ಮಳೆ ಹನಿ ಮಾಯವಾಗುತ್ತದೆ. ಮಂಜಿನಲ್ಲಿ ಕಾರಿನ ಹೈ ಬೀಮ್ ಹಾಕಿದರೆ ಏನಾಗುತ್ತದೆ ಅನ್ನುವುದು ಮಡಿಕೇರಿ ಘಾಟಿ ಹತ್ತಿದ ಪ್ರತಿಯೊಬ್ಬರಿಗೂ ಗೊತ್ತು. ಅದೇ ಪಾಠ.

ಹಗಲಿನ ಮಂಜಿಗೆ ಲೈಟು ಬೇಡ. ಮಂಜೇ ದೊಡ್ಡ ಸ್ಕಿಮ್ಮರ್. ಅಲ್ಲಿ ಕೊರತೆ ಇರುವುದು ಕತ್ತಲಿಗೆ. ಎಲ್ಲ ಕಡೆಯಿಂದ ಬೆಳಕು ಬಂದು ಮುಖ ಚಪ್ಪಟೆಯಾಗಿ ಹಪ್ಪಳದ ಹಾಗೆ ಕಾಣುತ್ತದೆ. ಮುಖದ ಒಂದು ಪಕ್ಕಕ್ಕೆ, ಒಂದೂವರೆ ಅಡಿ ದೂರದಲ್ಲಿ, ಕಪ್ಪು ಕಂಬಳಿ ಹಿಡಿದು ನೋಡಿ. ಆ ಕೆನ್ನೆ ಮೆಲ್ಲಗೆ ಕಪ್ಪಾಗಿ ಮೂಗು, ದವಡೆ ಎದ್ದು ನಿಲ್ಲುತ್ತವೆ. ಮಾಂದಲಪಟ್ಟಿಯಲ್ಲೋ ತಲಕಾವೇರಿ ಕಡೆಯ ಬೆಟ್ಟದಲ್ಲೋ ಬೆಳಿಗ್ಗೆ ಆರೂವರೆಗೆ ನಿಂತಾಗ ನಾನು ಮೊದಲು ಚೀಲದಿಂದ ತೆಗೆಯುವುದು ಕಂಬಳಿಯನ್ನೇ. ಮಂಜಿಗೆ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಇಡಬೇಡಿ. 5600ಕ್ಕೆ ಕಟ್ಟಿಬಿಡಿ, ಸ್ವಲ್ಪ ನೀಲಿ ಬರಲಿ. ಆ ಚಳಿ ಚಿತ್ರದಲ್ಲೂ ಇರಲಿ.

ಮಳೆಯ ಸೀನಿಗೆ ಹಿನ್ನೆಲೆ ಕಪ್ಪಗಿರುವ ಜಾಗ ಹುಡುಕಿ, ಮರದ ಬುಡವೋ ತೆರೆದ ಬಾಗಿಲೋ. ಅದರ ಪಕ್ಕದಿಂದ ಹಿಂದುಗಡೆಯ ಬೆಳಕು ಬರಲಿ. ರಾತ್ರಿ ಮಳೆಗೆ ಬ್ಯಾಟರಿಯ ಎಲ್‌ಇಡಿಯೇ ಆಯ್ಕೆ, ಇದರಲ್ಲಿ ಎರಡು ಮಾತಿಲ್ಲ. ಒದ್ದೆ ನೆಲದಲ್ಲಿ 230 ವೋಲ್ಟಿನ ವೈರ್ ಎಳೆಯಬೇಡಿ. ಎಳೆಯಲೇಬೇಕಾದರೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇಲ್ಲದೆ ಸ್ವಿಚ್ ಮುಟ್ಟಬೇಡಿ. ಜೀವಕ್ಕಿಂತ ಶಾಟ್ ದೊಡ್ಡದಲ್ಲ. 60 ವ್ಯಾಟಿನ ಲೈಟು 95 ವ್ಯಾಟ್-ಅವರ್ ಬ್ಯಾಟರಿಯಲ್ಲಿ ಸುಮಾರು ಒಂದೂವರೆ ಗಂಟೆ ಉರಿಯುತ್ತದೆ. ಎರಡು ಬ್ಯಾಟರಿ ಇದ್ದರೆ ಒಂದು ರಾತ್ರಿಯ ಸೀನ್ ಆಗುತ್ತದೆ. ಜಿಗಣೆಗೆ ಉಪ್ಪು, ಸುಣ್ಣ ಏನಾದರೂ ಜೊತೆಗಿರಲಿ, ಲೈಟು ಹಿಡಿದವರು ಕೈ ಬಿಡುವ ಹಾಗಿಲ್ಲ.

ರಾತ್ರಿ

ಹುಣ್ಣಿಮೆ ಬೆಳಕಿನಲ್ಲೇ ಶೂಟ್ ಮಾಡೋಣ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಹುಣ್ಣಿಮೆಯ ಚಂದ್ರ ಸೂರ್ಯನಿಗಿಂತ ಸುಮಾರು ನಾಲ್ಕು ಲಕ್ಷ ಪಟ್ಟು ಮಂಕು. ಬೆಟ್ಟದ ಗೆರೆ ಬೇಕಾದರೆ ಸಿಗಬಹುದು, ಮಾತಾಡುವ ಮುಖ ಸಿಗುವುದಿಲ್ಲ.

ಹಗಲಲ್ಲೇ ರಾತ್ರಿ ತೆಗೆಯುವುದು ಹಳೆಯ ಉಪಾಯ. ಎರಡು ಸ್ಟಾಪ್ ಕಪ್ಪಾಗಿ ತೆಗೆದು, ವೈಟ್ ಬ್ಯಾಲೆನ್ಸ್ 3200ಕ್ಕೆ ಇಟ್ಟು ನೀಲಿ ಮಾಡುವುದು. ಆಕಾಶ ಫ್ರೇಮಿಗೆ ಬರಬಾರದು. ತೋಟದೊಳಗೆ ಆಕಾಶ ಕಾಣದ ಕಾರಣ ಇದು ಬಯಲುಸೀಮೆಗಿಂತ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಯಾರಾದರೂ ಟಾರ್ಚ್ ಹಿಡಿದು ನಡೆಯುವ ಸೀನ್ ಆದರೆ ಕೆಟ್ಟಿತು. ಹಗಲಿನ ಬೆಳಕಿನ ಮುಂದೆ ಟಾರ್ಚ್ ಹೊತ್ತಿದ್ದೇ ಗೊತ್ತಾಗುವುದಿಲ್ಲ.

ಟಾರ್ಚ್, ಲಾಂದ್ರ, ಕಿಟಕಿಯ ಬಲ್ಬು ಇರುವ ಸೀನಿಗೆ ಮುಸ್ಸಂಜೆಯೇ ಸರಿ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಮಾತ್ರ ಆ ಬೆಳಕು. ಆಕಾಶ ನೀಲಿ, ತೋಟದ ಕೆಲಸದವರ ಲೈನ್ ಮನೆಗಳ ಬಲ್ಬು ಹಳದಿ, ಎರಡೂ ಒಂದೇ ಹದಕ್ಕೆ ಬರುವುದು ನಡುವಿನ ಐದಾರು ನಿಮಿಷ. ನಾಲ್ಕು ಗಂಟೆಗೇ ರಿಹರ್ಸಲ್ ಮುಗಿಸಿ ಕಾಯಿರಿ.

ಒಳಗಿನ ದೀಪದ ಸೀನಿಗೆ ನನ್ನ ಒಲವು ನಿಜವಾದ ದೀಪದ ಕಡೆಗೇ. 1975ರ ಇಂಗ್ಲಿಷ್ ಚಿತ್ರ ‘ಬ್ಯಾರಿ ಲಿಂಡನ್’ನಲ್ಲಿ ಮೇಣದ ಬತ್ತಿಯ ಸೀನುಗಳಿಗೆ ನಾಸಾಗೆಂದು ತಯಾರಾದ ಎಫ್ 0.7ರ ಜೈಸ್ ಲೆನ್ಸ್ ಬೇಕಾಗಿತ್ತು (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ಬೆಳಕು ಬಿಡುತ್ತದೆ). ಈಗಿನ ಕ್ಯಾಮೆರಾದಲ್ಲಿ ಎಫ್ 1.8ರ ಸಾದಾ ಲೆನ್ಸ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇದ್ದರೆ ಸಾಕು. ತೂಗುದೀಪಕ್ಕೆ ಒಂದು ಬತ್ತಿ ಹಾಕುವ ಬದಲು ಮೂರು ನಾಲ್ಕು ಹಾಕಿ, ಎಣ್ಣೆ ತುಂಬಿಸಿ. ಸಾಲದಿದ್ದರೆ ಕಂಬದ ಹಿಂದೆ ಒಂದು ಚಿಕ್ಕ ಎಲ್‌ಇಡಿ ಬಚ್ಚಿಡಿ. ದೀಪದ ಬಣ್ಣ 1900 ಕೆಲ್ವಿನ್ ಹತ್ತಿರ ಇರುತ್ತದೆ, ಹೆಚ್ಚಿನ ಎಲ್‌ಇಡಿಗಳು 2700ರ ಕೆಳಗೆ ಇಳಿಯುವುದಿಲ್ಲ. ಒಂದು ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಚ್ಚಿ. ಆ ಲೈಟು ದೀಪ ಇರುವ ದಿಕ್ಕಿನಿಂದಲೇ ಬರಬೇಕು. ನೆರಳು ಬೇರೆ ಕಡೆ ಬಿದ್ದರೆ ನೋಡುವವರಿಗೆ ಏನೋ ತಪ್ಪಿದೆ ಅಂತ ಅನ್ನಿಸಿಬಿಡುತ್ತದೆ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು (ಹೊಸ ಭತ್ತದ ತೆನೆ) ತೆಗೆಯುವುದನ್ನು ದಾಖಲಿಸುವವರು ಲೈಟು ಒಯ್ಯಲೇಬೇಡಿ. ಅದು ಮನೆಯವರ ಹಬ್ಬ. ಅವರ ಕೈಯ ದೀಪ, ಟಾರ್ಚಿನಲ್ಲಿ ಎಷ್ಟು ಸಿಗುತ್ತದೋ ಅಷ್ಟು ಸಾಕು. ಮಡಿಕೇರಿ ದಸರಾದ ರಾತ್ರಿ ಮೆರವಣಿಗೆಯ ದಶಮಂಟಪಗಳದ್ದು ಬೇರೆ ತೊಂದರೆ, ಅಲ್ಲಿ ಬೆಳಕು ವಿಪರೀತ. ಬಣ್ಣದ ಎಲ್‌ಇಡಿಗಳು ಕ್ಯಾಮೆರಾದಲ್ಲಿ ಪಟಪಟ ಮಿನುಗುತ್ತವೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಕ್ಯಾಮೆರಾದ ಶಟರನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಮುಕ್ಕಾಲುಪಾಲು ಮಿನುಗು ನಿಲ್ಲುತ್ತದೆ.

ದುಡ್ಡು ಹಾಕುವುದಾದರೆ

ಮೂರು ಅಗ್ಗದ ಪ್ಯಾನಲ್ ಕೊಳ್ಳುವ ಬದಲು ಒಂದು ಒಳ್ಳೆಯ 60ರಿಂದ 100 ವ್ಯಾಟಿನ, ಬಣ್ಣ ಬದಲಿಸಬಹುದಾದ ಎಲ್‌ಇಡಿ ಕೊಳ್ಳಿ. ಸಿಆರ್‌ಐ (ಲೈಟಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 95ರ ಮೇಲಿರಲಿ. ಅದಕ್ಕಿಂತ ಕಡಿಮೆ ಇರುವುದರಲ್ಲಿ ನಮ್ಮ ಗೋಧಿ ಬಣ್ಣದ, ಕಪ್ಪು ಚರ್ಮ ಬೂದಿ ಬಳಿದ ಹಾಗೆ ಕಾಣಬಹುದು. ಬ್ಯಾಟರಿಯಲ್ಲಿ ನಡೆಯಬೇಕು. ಅದರ ಜೊತೆ ಎರಡು ಥರ್ಮಾಕೋಲ್ ಹಲಗೆ, ಒಂದು ಬಿಳಿ ಪಂಚೆ, ಒಂದು ಕಪ್ಪು ಕಂಬಳಿ, ಒಂದು ಕನ್ನಡಿ. ಹಲಗೆಯ ಒಂದು ಬದಿಗೆ ಕಪ್ಪು ಬಣ್ಣ ಬಳಿದುಬಿಡಿ, ಒಂದರಲ್ಲೇ ಎರಡು ಕೆಲಸ. ಮೊದಲ ಚಿತ್ರಕ್ಕೆ ಇಷ್ಟು ಸಾಕು. ದೊಡ್ಡ ಲೈಟು ಬೇಕಾದ ದಿನ ಬಾಡಿಗೆಗೆ ತನ್ನಿ. ತರುವ ಮೊದಲು ತೋಟದ ರಸ್ತೆಯನ್ನು ನಡೆದು ನೋಡಿ ಬನ್ನಿ.

ಕಾಫಿ ಹೂವಿನ ಸೀನ್ ಇಟ್ಟುಕೊಂಡವರಿಗೆ ಒಂದು ಮಾತು. ಅದಕ್ಕೆ ಲೈಟಿನ ಅಂಗಡಿಗೆ ಫೋನ್ ಮಾಡಬೇಡಿ, ತೋಟದವರಿಗೆ ಮಾಡಿ. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಯಾವತ್ತು ಬಂತು, ಇಲ್ಲವೇ ಸ್ಪ್ರಿಂಕ್ಲರ್ ಯಾವತ್ತು ಹಾಕಿದರು ಅಂತ ಕೇಳಿ. ಅಲ್ಲಿಂದ ಎಂಟು ಹತ್ತು ದಿನಕ್ಕೆ ಗಿಡ ಪೂರ್ತಿ ಬೆಳ್ಳಗಾಗುತ್ತದೆ. ಎರಡು ಮೂರು ದಿನ ಇರುತ್ತದೆ, ಆಮೇಲೆ ಕಂದು. ಹತ್ತು ಗಂಟೆಯ ಬಿಸಿಲಿನಲ್ಲಿ ಆ ಬಿಳಿ ಉರಿದುಹೋಗಿ ಎಸಳು ಎಸಳು ಗೊತ್ತಾಗುವುದಿಲ್ಲ. ಬೆಳಿಗ್ಗೆ ಏಳಕ್ಕೆ ಗಿಡದ ಹಿಂದಿನಿಂದ ಬೆಳಕು ಬರುವ ಕಡೆ ನಿಲ್ಲಿ. ಎಸಳಿನೊಳಗಿಂದ ಬೆಳಕು ತೂರಿ ಬರುತ್ತದೆ. ಜೇನುನೊಣಗಳೂ ಆ ಹೊತ್ತಿಗೆ ಬಂದಿರುತ್ತವೆ.